ಒಂದೇ ತಪ್ಪು, ಎರಡು ಬಾಲ್ಯ

1899ರ ಜುಲೈ ತಿಂಗಳಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಒಂದು ಹೊಸ ಬಗೆಯ ನ್ಯಾಯಾಲಯ ಕೆಲಸ ಆರಂಭಿಸಿತು. ಜಗತ್ತಿನ ಮೊತ್ತಮೊದಲ ಬಾಲ ನ್ಯಾಯಾಲಯ ಅದು. ಅಲ್ಲಿಯವರೆಗೆ ಅನೇಕ ಕಡೆ ರೊಟ್ಟಿ ಕದ್ದ ಹತ್ತು ವರ್ಷದ ಹುಡುಗನನ್ನೂ ನುರಿತ ಅಪರಾಧಿಯನ್ನೂ ಒಂದೇ ಜೈಲಿನಲ್ಲಿ ಕೂಡಿಹಾಕುವುದು ವಾಡಿಕೆಯಾಗಿತ್ತು. ಜೇನ್ ಆಡಮ್ಸ್, ಜೂಲಿಯಾ ಲೇಥ್ರಾಪ್, ಲೂಸಿ ಫ್ಲವರ್ ಮೊದಲಾದ ಮಹಿಳೆಯರು ವರ್ಷಗಟ್ಟಲೆ ಓಡಾಡಿ, ಶಾಸಕರ ಮನವೊಲಿಸಿ ಇಲಿನಾಯ್ ರಾಜ್ಯದಲ್ಲಿ ಇದಕ್ಕೆಂದೇ ಒಂದು ಕಾನೂನು ತರಿಸಿದರು. ಮಗು ತಪ್ಪು ಮಾಡಿದಾಗ ಎಷ್ಟು ಶಿಕ್ಷೆ ಕೊಡೋಣ ಎಂದು ಕೇಳಬೇಡಿ, ಈ ಮಗು ಸರಿದಾರಿಗೆ ಬರಲು ಏನು ಬೇಕು ಎಂದು ಕೇಳಿ ಎಂಬುದು ಅವರ ಬೇಡಿಕೆಯ ತಿರುಳು. ಆ ಮಾತು ದೇಶಕ್ಕೇ ಒಪ್ಪಿಗೆಯಾಯಿತು. 1925ರ ಹೊತ್ತಿಗೆ ಎರಡೇ ಎರಡು ರಾಜ್ಯಗಳನ್ನು ಬಿಟ್ಟು ಉಳಿದೆಲ್ಲ ಕಡೆ ಬಾಲ ನ್ಯಾಯಾಲಯಗಳು ಬಂದಿದ್ದವು.

ಮನುಷ್ಯಕುಲ ಹೆಮ್ಮೆಪಡಬೇಕಾದ ಕೆಲಸ ಇದು. ನಮ್ಮ ದೇಶದ ಬಾಲ ನ್ಯಾಯ ಮಂಡಳಿಗಳ ಹಿಂದೆಯೂ ಇದೇ ತಿಳಿವಳಿಕೆ ಇದೆ. ಆದರೆ ಈ ಕರುಣೆ ಅಮೆರಿಕದ ಎಲ್ಲ ಮಕ್ಕಳಿಗೂ ಸಮನಾಗಿ ಸಿಕ್ಕಿತೇ? ಇಂದಿನ ನನ್ನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ಸಿಗಲಿಲ್ಲ ಎಂಬುದಕ್ಕೆ ಬಾಲ ನ್ಯಾಯಾಲಯಗಳು ಹುಟ್ಟುವ ಮೊದಲೇ ಸೂಚನೆಗಳಿದ್ದವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫಿಲಡೆಲ್ಫಿಯಾದಲ್ಲಿ ದಾರಿತಪ್ಪಿದ ಮಕ್ಕಳಿಗಾಗಿ ಆಶ್ರಯಧಾಮವಿತ್ತು. ಕಪ್ಪು ಮಕ್ಕಳನ್ನು ಬಿಳಿಯ ಮಕ್ಕಳ ಜೊತೆ ಇಡಲು ಮನಸ್ಸಿಲ್ಲದೆ ಅವರಿಗೆ ಬೇರೆಯದೇ ಧಾಮ ಕಟ್ಟಿದರು. ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡ ಮೇಲೆ ದಕ್ಷಿಣದ ರಾಜ್ಯಗಳು ಕೈದಿಗಳನ್ನು ಗಣಿಗಳಿಗೆ, ತೋಟಗಳಿಗೆ ಬಾಡಿಗೆಗೆ ಕೊಡತೊಡಗಿದವು. ಹಾಗೆ ಬಾಡಿಗೆಗೆ ಹೋದವರಲ್ಲಿ ಕಪ್ಪು ಹುಡುಗರೂ ಇದ್ದರು. ಒಂದೇ ನಾಡಿನಲ್ಲಿ ಒಬ್ಬ ಹುಡುಗನನ್ನು ತಿದ್ದಬೇಕಾದ ಮಗುವೆಂದು ಕಂಡರೆ ಇನ್ನೊಬ್ಬನನ್ನು ದುಡಿಯುವ ಮೈಯೆಂದು ಕಂಡರು.

ಈ ನೋಟದ ಅತಿ ಘೋರ ಪರಿಣಾಮವನ್ನು 1944ರಲ್ಲಿ ದಕ್ಷಿಣ ಕೆರೊಲಿನಾ ಕಂಡಿತು. ಆಲ್ಕೊಲು ಎಂಬುದು ಮರದ ಮಿಲ್ಲನ್ನು ನಂಬಿ ಬದುಕುತ್ತಿದ್ದ ಪುಟ್ಟ ಊರು. ಅಲ್ಲಿ ಇಬ್ಬರು ಬಿಳಿಯ ಹುಡುಗಿಯರ ಕೊಲೆಯಾಯಿತು. ಪೊಲೀಸರು ಜಾರ್ಜ್ ಸ್ಟಿನ್ನಿ ಎಂಬ ಕಪ್ಪು ಹುಡುಗನನ್ನು ಹಿಡಿದುಕೊಂಡು ಹೋದರು. ಅವನ ವಯಸ್ಸು 14. ವಿಚಾರಣೆಯ ಕೋಣೆಯಲ್ಲಿ ತಂದೆ ತಾಯಿ ಇರಲಿಲ್ಲ, ವಕೀಲರೂ ಇರಲಿಲ್ಲ. ಹುಡುಗ ತಪ್ಪೊಪ್ಪಿಕೊಂಡ ಎಂದು ಪೊಲೀಸರು ಹೇಳಿದರು. ಅವನು ಸಹಿ ಮಾಡಿದ ಹೇಳಿಕೆ ಒಂದೂ ಇರಲಿಲ್ಲ. ತಂದೆ ಕೆಲಸ ಕಳೆದುಕೊಂಡು, ಜೀವಭಯದಿಂದ ಸಂಸಾರ ಸಮೇತ ಊರನ್ನೇ ಬಿಡಬೇಕಾಯಿತು. ಏಪ್ರಿಲ್ 24ರಂದು ವಿಚಾರಣೆ ನಡೆದದ್ದು ಒಂದೇ ದಿನ, ಅದೂ ಕೆಲವೇ ಗಂಟೆ. ಜ್ಯೂರಿಯಲ್ಲಿದ್ದವರೆಲ್ಲ ಬಿಳಿಯರು. ಅವರು ಒಳಗೆ ಹೋಗಿ ಹತ್ತು ನಿಮಿಷಕ್ಕೆಲ್ಲ ಹೊರಬಂದು ಅಪರಾಧಿ ಎಂದರು. ಮೇಲ್ಮನವಿಯನ್ನು ಯಾರೂ ಸಲ್ಲಿಸಲಿಲ್ಲ. ಜೂನ್ 16ರಂದು ಆ ಹುಡುಗನನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಕೊಂದರು. ದೊಡ್ಡವರ ಅಳತೆಗೆ ಮಾಡಿದ ಆ ಕುರ್ಚಿ ಅವನ ಮೈಗೆ ದೊಡ್ಡದಾಗಿತ್ತು. 2014ರ ಡಿಸೆಂಬರಿನಲ್ಲಿ, ಎಪ್ಪತ್ತು ವರ್ಷಗಳ ಮೇಲೆ, ಅದೇ ರಾಜ್ಯದ ನ್ಯಾಯಾಧೀಶರೊಬ್ಬರು ಆ ವಿಚಾರಣೆ ನ್ಯಾಯಬದ್ಧವಾಗಿರಲಿಲ್ಲವೆಂದು ಶಿಕ್ಷೆಯ ತೀರ್ಪನ್ನು ರದ್ದುಮಾಡಿದರು. ಮಕ್ಕಳಿಗಾಗಿ ನ್ಯಾಯಾಲಯಗಳು ಹುಟ್ಟಿ ನಲವತ್ತೈದು ವರ್ಷವಾದ ಮೇಲೂ ಜಾರ್ಜ್ ಸ್ಟಿನ್ನಿ ಅಲ್ಲಿಯವರ ಕಣ್ಣಿಗೆ ಮಗುವಾಗಿ ಕಾಣಲಿಲ್ಲ.

ಅದು ಹಳೆಯ ಕಾಲ, ಆಗ ವರ್ಣಭೇದವೇ ಕಾನೂನಾಗಿತ್ತು, ಈಗ ಹಾಗಿಲ್ಲವಲ್ಲ ಎಂದು ನಿಮಗೆ ಅನ್ನಿಸಬಹುದು. ಕಾನೂನು ಬದಲಾದದ್ದು ನಿಜ. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗಾಲ್ಟ್ ಪ್ರಕರಣದಲ್ಲಿ ಒಂದು ದೊಡ್ಡ ತೀರ್ಪು ಕೊಟ್ಟಿತು. ಅರಿಜೋನಾ ರಾಜ್ಯದ 15 ವರ್ಷದ ಜೆರಾಲ್ಡ್ ಗಾಲ್ಟ್ ನೆರೆಮನೆಯ ಹೆಂಗಸಿಗೆ ಫೋನ್ ಮಾಡಿ ಅಸಭ್ಯವಾಗಿ ಮಾತಾಡಿದ ಎಂಬುದು ಆರೋಪ. ದೊಡ್ಡವರು ಅದೇ ತಪ್ಪು ಮಾಡಿದ್ದರೆ ಐವತ್ತು ಡಾಲರಿನೊಳಗಿನ ದಂಡ ಅಥವಾ ಹೆಚ್ಚೆಂದರೆ ಎರಡು ತಿಂಗಳ ಸಜೆ. ಹುಡುಗನಿಗೆ ಸಿಕ್ಕಿದ್ದು 21 ವರ್ಷ ತುಂಬುವವರೆಗೆ ಸುಧಾರಣಾ ಶಾಲೆಯ ವಾಸ. ನಿನ್ನ ಒಳ್ಳೆಯದಕ್ಕೇ ಮಾಡುತ್ತಿದ್ದೇವೆ ಎಂಬ ಹೆಸರಿನಲ್ಲಿ ವಕೀಲರಿಲ್ಲದೆ, ಸಾಕ್ಷಿಯನ್ನು ಪ್ರಶ್ನಿಸಲು ಬಿಡದೆ ಮಕ್ಕಳನ್ನು ಕೂಡಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅಂದಿನಿಂದ ವಕೀಲರನ್ನು ಪಡೆಯುವ ಹಕ್ಕು, ಆರೋಪವೇನೆಂದು ತಿಳಿಯುವ ಹಕ್ಕು, ಮೌನವಾಗಿರುವ ಹಕ್ಕು ಮಕ್ಕಳಿಗೂ ಬಂದವು. ಅವು ಕಪ್ಪು ಬಿಳುಪೆನ್ನದೆ ಎಲ್ಲರಿಗೂ ಒಂದೇ.

ಕಾಗದದ ಮೇಲೆ ಕಾನೂನು ಸಮನಾದ ಮೇಲೂ ಫಲ ಸಮನಾಗಲಿಲ್ಲ. 1988ರಲ್ಲಿ ಅಮೆರಿಕದ ಸಂಸತ್ತು ಇದನ್ನು ಗಮನಿಸಿ, ಬಂಧನದಲ್ಲಿ ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳು ತಮ್ಮ ಜನಸಂಖ್ಯೆಯ ಪಾಲಿಗಿಂತ ಹೆಚ್ಚಾಗಿದ್ದಾರೆಯೇ ಎಂದು ಪ್ರತಿ ರಾಜ್ಯವೂ ನೋಡಬೇಕೆಂದು ಕಾನೂನಿಗೆ ತಿದ್ದುಪಡಿ ತಂದಿತು. ಆದರೆ ಆ ತಿದ್ದುಪಡಿಯ ಶಾಯಿ ಆರುವ ಮೊದಲೇ ದೇಶದ ಮನಸ್ಸು ಬೇರೆ ಕಡೆಗೆ ಹೊರಳಿತು.

1989ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಓಡಲು ಹೋಗಿದ್ದ ಮಹಿಳೆಯೊಬ್ಬರ ಮೇಲೆ ಭೀಕರ ಅತ್ಯಾಚಾರ ನಡೆಯಿತು. 14ರಿಂದ 16 ವರ್ಷದೊಳಗಿನ ಐವರು ಕಪ್ಪು ಮತ್ತು ಲ್ಯಾಟಿನೊ ಹುಡುಗರನ್ನು ಹಿಡಿದು ಗಂಟೆಗಟ್ಟಲೆ ಪ್ರಶ್ನಿಸಿ ತಪ್ಪೊಪ್ಪಿಗೆ ಪಡೆದರು. ಪತ್ರಿಕೆಗಳು ಅವರನ್ನು ತೋಳಗಳ ಹಿಂಡಿಗೆ ಹೋಲಿಸಿದವು. ಘಟನಾಸ್ಥಳದಲ್ಲಿ ಸಿಕ್ಕ ಡಿಎನ್‌ಎ ಆ ಐವರಲ್ಲಿ ಯಾರದಕ್ಕೂ ಹೊಂದಲಿಲ್ಲ. ಆದರೂ ಎಲ್ಲರಿಗೂ ಶಿಕ್ಷೆಯಾಯಿತು. ಅವರಲ್ಲಿ 16 ವರ್ಷದ ಕೋರಿ ವೈಸ್ ವಯಸ್ಕರ ಜೈಲಿಗೇ ಹೋದ. 2002ರಲ್ಲಿ ಬೇರೊಬ್ಬ ಅಪರಾಧಿ ತಾನೊಬ್ಬನೇ ಆ ಕೃತ್ಯ ಎಸಗಿದ್ದೆಂದು ಒಪ್ಪಿಕೊಂಡ. ಡಿಎನ್‌ಎ ಅವನ ಮಾತನ್ನು ದೃಢಪಡಿಸಿತು, ಐವರ ಮೇಲಿನ ತೀರ್ಪುಗಳು ರದ್ದಾದವು. 2014ರಲ್ಲಿ ನಗರಾಡಳಿತ ಅವರಿಗೆ 4 ಕೋಟಿ 10 ಲಕ್ಷ ಡಾಲರ್ ಪರಿಹಾರ ಕೊಡಲು ಒಪ್ಪಿತು. ಅಷ್ಟು ಹಣಕ್ಕೂ ಹದಿನಾರನೆಯ ವಯಸ್ಸನ್ನು ವಾಪಸು ತರುವ ಶಕ್ತಿಯಿಲ್ಲ.

ಇದೇ ವಾತಾವರಣದಲ್ಲಿ, 1995ರಲ್ಲಿ, ಜಾನ್ ಡಿಯುಲಿಯೊ ಎಂಬ ರಾಜ್ಯಶಾಸ್ತ್ರದ ಪ್ರಾಧ್ಯಾಪಕರು ಕರುಣೆಯೇ ಇಲ್ಲದ ಹೊಸ ಪೀಳಿಗೆಯ ಬೇಟೆಗಾರ ಹುಡುಗರು ಬರುತ್ತಿದ್ದಾರೆ ಎಂದು ಬರೆದರು. 'ಸೂಪರ್ ಪ್ರೆಡೇಟರ್' ಎಂಬ ಹೆಸರು ಟಿವಿಯಲ್ಲೂ ಶಾಸನಸಭೆಗಳಲ್ಲೂ ಹಬ್ಬಿತು. ಹೆಸರು ಹೇಳದಿದ್ದರೂ ಜನರ ಮನಸ್ಸಿನಲ್ಲಿ ಮೂಡಿದ್ದು ನಗರದ ಬಡ ಕೇರಿಯ ಕಪ್ಪು ಹುಡುಗನ ಚಿತ್ರ. ಆ ದಶಕದಲ್ಲಿ ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ ಮಕ್ಕಳನ್ನು ವಯಸ್ಕರ ನ್ಯಾಯಾಲಯಕ್ಕೆ ಕಳಿಸುವುದನ್ನು ಸುಲಭಗೊಳಿಸಿದವು. ಆ ಭವಿಷ್ಯವಾಣಿ ಪೂರ್ತಿ ಸುಳ್ಳಾಯಿತು. ಲೇಖನ ಅಚ್ಚಾಗುವ ಹೊತ್ತಿಗೇ ಕಿಶೋರರ ಹಿಂಸಾಪರಾಧ ಇಳಿಮುಖವಾಗಿತ್ತು, ಮುಂದೆಯೂ ಇಳಿಯುತ್ತಲೇ ಹೋಯಿತು. 2012ರಲ್ಲಿ, ಮಕ್ಕಳಿಗೆ ಕಡ್ಡಾಯ ಆಜೀವ ಸೆರೆ ವಿಧಿಸಬಾರದೆಂದು ಕೇಳಿದ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಆ ಸಿದ್ಧಾಂತ ತಪ್ಪೆಂದು ಹೇಳುವ ವಿದ್ವಾಂಸರ ಮನವಿಗೆ ಸ್ವತಃ ಡಿಯುಲಿಯೊ ಅವರೂ ಸಹಿ ಹಾಕಿದರು. ಭಯ ಸುಳ್ಳೆಂದು ತಿಳಿಯಿತು. ಭಯದಲ್ಲಿ ಮಾಡಿದ ಕಾನೂನುಗಳು ಬಹಳ ಕಾಲ ಉಳಿದವು.

ಈಗ ಈಚಿನ ಲೆಕ್ಕಕ್ಕೆ ಬರೋಣ. ಇದರಲ್ಲಿ ಸಂತೋಷದ ಸಂಗತಿಯೂ ಇದೆ. 2000ದಲ್ಲಿ ಯಾವುದೇ ಒಂದು ದಿನ ಎಣಿಸಿದರೆ ಅಮೆರಿಕದ ಬಾಲ ಬಂಧನಗೃಹ, ಸುಧಾರಣಾ ಸಂಸ್ಥೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿರುತ್ತಿದ್ದರು. ಇಪ್ಪತ್ತು ವರ್ಷಗಳಲ್ಲಿ ಆ ಸಂಖ್ಯೆ ಮೂವತ್ತು ಸಾವಿರಕ್ಕಿಂತ ಕೆಳಗೆ ಬಂತು. ಮಕ್ಕಳನ್ನು ಕೂಡಿಹಾಕಿದರೆ ಅವರು ಸುಧಾರಿಸುವುದಿಲ್ಲ, ಓದು ನಿಂತು ಹೋಗುತ್ತದೆ, ಮತ್ತೆ ತಪ್ಪು ಮಾಡುವ ಸಂಭವ ಹೆಚ್ಚುತ್ತದೆ ಎಂಬ ಅರಿವು ಹರಡಿದ್ದು ಇದಕ್ಕೊಂದು ಕಾರಣ. ಎಷ್ಟೋ ಹಳೆಯ ಬಂಧನಗೃಹಗಳಿಗೆ ಬೀಗ ಬಿತ್ತು.

ಆದರೆ ಒಳಗೆ ಉಳಿದವರು ಯಾರೆಂದು ನೋಡಿ. 2021ರ ಎಣಿಕೆಯಲ್ಲಿ ಒಂದು ಲಕ್ಷ ಬಿಳಿಯ ಮಕ್ಕಳಿಗೆ 49 ಮಂದಿ ಬಂಧನದಲ್ಲಿದ್ದರೆ, ಒಂದು ಲಕ್ಷ ಕಪ್ಪು ಮಕ್ಕಳಿಗೆ 228 ಮಂದಿ ಇದ್ದರು. ಅಂದರೆ ಸುಮಾರು 4.7 ಪಟ್ಟು. ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಮಕ್ಕಳಲ್ಲಿ ಈ ಸಂಖ್ಯೆ 181. ಅದಕ್ಕೆ ಇಪ್ಪತ್ತು ವರ್ಷ ಮೊದಲು, 2001ರಲ್ಲಿ, ಕಪ್ಪು ಬಿಳಿಯ ಮಕ್ಕಳ ನಡುವಿನ ಅಂತರ ಸುಮಾರು ನಾಲ್ಕು ಪಟ್ಟಿತ್ತು. 2015ರಲ್ಲಿ ಐದು ಪಟ್ಟಾಗಿತ್ತು. ಬಂಧನ ಎಲ್ಲರಿಗೂ ಕಡಿಮೆಯಾಯಿತು, ಅಂತರ ಮಾತ್ರ ಕರಗಲಿಲ್ಲ. ದೇಶಕ್ಕೆ ಕರುಣೆ ಮರಳಿ ಬಂದಾಗಲೂ ಅದು ಮೊದಲು ತಲುಪಿದ್ದು ಯಾರನ್ನು ಸುಲಭವಾಗಿ ಮಕ್ಕಳೆಂದು ಕಾಣಲಾಗುತ್ತದೆಯೋ ಅವರನ್ನು.

ಇಲ್ಲಿ ಒಂದು ನೇರವಾದ ಪ್ರಶ್ನೆ ಏಳುತ್ತದೆ, ಅದನ್ನು ಬದಿಗಿಡುವುದು ಸರಿಯಲ್ಲ. ಕಪ್ಪು ಮಕ್ಕಳು ಹೆಚ್ಚು ತಪ್ಪು ಮಾಡುತ್ತಾರೇನೋ, ಅದಕ್ಕೇ ಹೆಚ್ಚು ಮಂದಿ ಒಳಗಿದ್ದಾರೇನೋ ಎಂಬುದು ಆ ಪ್ರಶ್ನೆ. ಕೆಲವು ಬಗೆಯ ಹಿಂಸಾಪರಾಧಗಳಲ್ಲಿ ಅವರ ಬಂಧನದ ಪ್ರಮಾಣ ಹೆಚ್ಚಿದೆ ಎಂಬುದು ನಿಜ. ಆ ಮಕ್ಕಳು ಬೆಳೆಯುವ ಬಡಾವಣೆಗಳಲ್ಲಿ ತಲೆಮಾರುಗಳಿಂದ ಕೆಲಸವಿಲ್ಲ, ಒಳ್ಳೆಯ ಶಾಲೆಯಿಲ್ಲ, ಬ್ಯಾಂಕಿನ ಸಾಲವಿಲ್ಲ, ಬಂದೂಕು ಮಾತ್ರ ಧಾರಾಳವಾಗಿ ಸಿಗುತ್ತದೆ ಎಂಬುದೂ ಅಷ್ಟೇ ನಿಜ. ಆದರೆ ಇದೊಂದರಿಂದಲೇ ಇಡೀ ಅಂತರಕ್ಕೆ ಉತ್ತರ ಸಿಗುವುದಿಲ್ಲ. ಮಾದಕ ವಸ್ತುವನ್ನೇ ತೆಗೆದುಕೊಳ್ಳಿ. ಹದಿಹರೆಯದವರ ಹೆಸರು ಕೇಳದೆ ನಡೆಸುವ ಸಮೀಕ್ಷೆಗಳಲ್ಲಿ ಬಿಳಿಯ ಮಕ್ಕಳೂ ಕಪ್ಪು ಮಕ್ಕಳೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಳಸಿರುವುದು ವರ್ಷ ವರ್ಷವೂ ಕಾಣುತ್ತದೆ. ಪೊಲೀಸರ ಕೈಗೆ ಸಿಕ್ಕಿಬೀಳುವ ಪ್ರಮಾಣ ಮಾತ್ರ ಒಂದೇ ಆಗಿಲ್ಲ. ಒಬ್ಬ ಹುಡುಗ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಮಾಡಿದ್ದನ್ನು ಇನ್ನೊಬ್ಬ ಬೀದಿಯಲ್ಲಿ ಮಾಡುತ್ತಾನೆ, ಆ ಬೀದಿಯಲ್ಲಿ ಪೊಲೀಸ್ ಕಾರು ದಿನವಿಡೀ ಸುತ್ತುತ್ತಿರುತ್ತದೆ.

ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಪ್ಪು ಮಾಡಿದ ಮಗು ಬಂಧನಗೃಹ ಸೇರುವ ಮೊದಲು ನಾಲ್ಕು ಬಾಗಿಲು ದಾಟಬೇಕು. ಮೊದಲನೆಯದು ಪೊಲೀಸರದು: ಬೈದು ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಇಲ್ಲವೇ ಕೋಳ ತೊಡಿಸಬಹುದು. ಎರಡನೆಯದು ಪ್ರೊಬೇಷನ್ ಅಧಿಕಾರಿ ಅಥವಾ ಸರ್ಕಾರಿ ವಕೀಲರದು: ಪ್ರಕರಣವನ್ನು ಅಲ್ಲಿಗೇ ಮುಗಿಸಬಹುದು, ಇಲ್ಲವೇ ನ್ಯಾಯಾಲಯಕ್ಕೆ ಒಯ್ಯಬಹುದು. ಮೂರನೆಯದು ವಿಚಾರಣೆ ಮುಗಿಯುವತನಕ ಮಗು ಮನೆಯಲ್ಲಿರಬೇಕೇ ಬಂಧನದಲ್ಲಿರಬೇಕೇ ಎಂಬ ತೀರ್ಮಾನ. ನಾಲ್ಕನೆಯದು ಕೊನೆಯ ತೀರ್ಪು. ಈ ನಾಲ್ಕೂ ಕಡೆ ಬಣ್ಣ ನೋಡಿ ತೀರ್ಮಾನಿಸು ಎಂದು ಯಾವ ಕಾನೂನೂ ಹೇಳುವುದಿಲ್ಲ. ನಾಲ್ಕೂ ಕಡೆ ಒಬ್ಬ ಹಿರಿಯರ ವಿವೇಚನೆಗೆ ಬಿಟ್ಟಿದೆ, ಅಷ್ಟೆ. ಒಂದು ಊಹೆಯ ಲೆಕ್ಕ ಮಾಡಿ ನೋಡೋಣ. ಒಂದೊಂದು ಬಾಗಿಲಲ್ಲೂ ಕಪ್ಪು ಮಗು ಒಳಕ್ಕೆ ತಳ್ಳಿಸಿಕೊಳ್ಳುವ ಸಂಭವ ಬಿಳಿಯ ಮಗುವಿಗಿಂತ ಒಂದೂವರೆ ಪಟ್ಟು ಮಾತ್ರ ಹೆಚ್ಚಿದೆ ಎಂದಿಟ್ಟುಕೊಳ್ಳಿ. ಎರಡನೆಯ ಬಾಗಿಲಿಗೆ ಅದು ಎರಡೂಕಾಲು ಪಟ್ಟಾಗುತ್ತದೆ, ಮೂರನೆಯದಕ್ಕೆ ಮೂರು ಪಟ್ಟನ್ನು ಮೀರುತ್ತದೆ, ನಾಲ್ಕನೆಯದರ ಹೊತ್ತಿಗೆ ಐದು ಪಟ್ಟು. ಯಾವ ಬಾಗಿಲಲ್ಲಿ ನಿಂತವರೂ ತಾವು ಅನ್ಯಾಯ ಮಾಡಿದೆವೆಂದು ಭಾವಿಸಬೇಕಾಗಿಲ್ಲ. ಒಬ್ಬೊಬ್ಬರ ಸಣ್ಣ ಅನುಮಾನ ಗುಣಿಸುತ್ತಾ ಹೋಗುತ್ತದೆ.

ಈ ಅನುಮಾನ ಎಲ್ಲಿಂದ ಬರುತ್ತದೆ? ವಿದ್ವಾಂಸರು ಇದನ್ನು ಶ್ರದ್ಧೆಯಿಂದ ಅಧ್ಯಯನ ಮಾಡಿದ್ದಾರೆ. ಜಾರ್ಜ್ ಬ್ರಿಜಸ್ ಮತ್ತು ಸಾರಾ ಸ್ಟೀನ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಸಂಶೋಧನೆ ನನ್ನನ್ನು ಬಹಳವಾಗಿ ಕಾಡಿದೆ. ಪ್ರೊಬೇಷನ್ ಅಧಿಕಾರಿಗಳು ನ್ಯಾಯಾಧೀಶರಿಗೆ ಬರೆದುಕೊಟ್ಟ ವರದಿಗಳನ್ನು ಅವರು ಒಂದೊಂದಾಗಿ ಓದಿದರು. ಬಿಳಿಯ ಹುಡುಗನ ವರದಿಯಲ್ಲಿ ತಪ್ಪಿಗೆ ಕಾರಣ ಅವನ ಸುತ್ತಲಿನ ಪರಿಸ್ಥಿತಿ: ಮನೆಯಲ್ಲಿ ಜಗಳ, ಕೆಟ್ಟ ಸಹವಾಸ. ಕಪ್ಪು ಹುಡುಗನ ವರದಿಯಲ್ಲಿ ಕಾರಣ ಹೆಚ್ಚಾಗಿ ಅವನ ಸ್ವಭಾವ: ಪಶ್ಚಾತ್ತಾಪವಿಲ್ಲ, ಧೋರಣೆ ಸರಿಯಿಲ್ಲ. ಪರಿಸ್ಥಿತಿ ಕಾರಣವಾದರೆ ಅದನ್ನು ಬದಲಿಸಬಹುದು, ಮಗುವಿಗೆ ನೆರವು ಕೊಡಬಹುದು. ಸ್ವಭಾವವೇ ಕಾರಣವೆಂದಾದರೆ ಉಳಿಯುವುದು ಕಂಬಿ ಮಾತ್ರ. ಅಪರಾಧದ ತೀವ್ರತೆ, ಹಿಂದಿನ ದಾಖಲೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. ಆ ವರದಿಗಳನ್ನು ಬರೆದವರು ಕ್ರೂರಿಗಳಲ್ಲ. ಮಕ್ಕಳ ಒಳಿತಿಗಾಗಿಯೇ ನೇಮಕಗೊಂಡವರು.

2014ರಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಗಾಫ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು. ಆರೋಪ ಹೊತ್ತ ಕಪ್ಪು ಹುಡುಗರ ಚಿತ್ರ ತೋರಿಸಿ ವಯಸ್ಸು ಊಹಿಸಲು ಹೇಳಿದಾಗ ಜನ ನಿಜವಾದ ವಯಸ್ಸಿಗಿಂತ ಸರಾಸರಿ ನಾಲ್ಕೂವರೆ ವರ್ಷ ಹೆಚ್ಚು ಹೇಳಿದರು. ಹದಿಮೂರೂವರೆಯ ಹುಡುಗ ಅವರ ಕಣ್ಣಲ್ಲಿ ಹದಿನೆಂಟರ ಯುವಕ, ಕಾನೂನಿನ ರಕ್ಷಣೆ ಮುಗಿಯುವ ವಯಸ್ಸಿನವನು. ಹುಡುಗಿಯರ ಕಥೆಯೂ ಇದೇ. 2017ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಕೇಂದ್ರ ಹೊರತಂದ ವರದಿಯಲ್ಲಿ, ಕಪ್ಪು ಹುಡುಗಿಯರಿಗೆ ಐದು ವರ್ಷದಿಂದಲೇ ಆರೈಕೆ, ಸಮಾಧಾನ ಕಡಿಮೆ ಸಾಕು ಎಂದು ದೊಡ್ಡವರು ಭಾವಿಸುವುದು ಕಂಡುಬಂತು.

ಇದು ಕೇವಲ ಸಂಶೋಧನಾ ಪತ್ರಿಕೆಯ ಮಾತಲ್ಲ. 2014ರ ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡ್ ನಗರದ ಉದ್ಯಾನವೊಂದರಲ್ಲಿ 12 ವರ್ಷದ ಟಮೀರ್ ರೈಸ್ ಆಟದ ಬಂದೂಕು ಹಿಡಿದಿದ್ದ. ಪೊಲೀಸರಿಗೆ ಫೋನ್ ಮಾಡಿದವರೇ ಅದು ಆಟಿಕೆ ಇರಬಹುದು, ಹಿಡಿದವನು ಚಿಕ್ಕವನಿರಬಹುದು ಎಂದಿದ್ದರು. ಆ ಮಾತು ಸ್ಥಳಕ್ಕೆ ಹೋದ ಪೊಲೀಸರನ್ನು ತಲುಪಲಿಲ್ಲ. ಕಾರು ನಿಂತು ಎರಡು ಸೆಕೆಂಡಿನಲ್ಲಿ ಗುಂಡು ಹಾರಿತು. ಆಮೇಲೆ ಪೊಲೀಸರು ರೇಡಿಯೊದಲ್ಲಿ ತಿಳಿಸಿದ್ದು, ಗಾಯಗೊಂಡವನಿಗೆ ಬಹುಶಃ 20 ವರ್ಷ ಎಂದು.

ಇನ್ನು ಮೊದಲ ಬಾಗಿಲಿಗೂ ಮೊದಲಿನ ಒಂದು ಬಾಗಿಲಿದೆ. ಅದು ಶಾಲೆಯದು. 1994ರ ಒಂದು ಕೇಂದ್ರ ಕಾನೂನಿನ ನಂತರ ಶಾಲೆಗಳಲ್ಲಿ ಚೂರೂ ಸಹಿಸುವುದಿಲ್ಲ ಎಂಬ ನೀತಿ ಬಿಗಿಯಾಯಿತು. ಬಂದೂಕಿಗೆಂದು ಬಂದ ನೀತಿ ತರಗತಿಯ ಗಲಾಟೆಗೂ, ಎದುರು ಮಾತಿಗೂ ಹಬ್ಬಿತು. ಹೆಡ್‌ಮಾಸ್ಟರರ ಕೋಣೆಯಲ್ಲಿ ಮುಗಿಯಬೇಕಾದದ್ದು ಪೊಲೀಸ್ ಠಾಣೆಗೆ ಹೋಗತೊಡಗಿತು. ಅಮೆರಿಕದ ಶಿಕ್ಷಣ ಇಲಾಖೆ 2011–12ರ ಅಂಕಿಅಂಶಗಳನ್ನು ಪ್ರಕಟಿಸಿದಾಗ ಜನ ಬೆಚ್ಚಿದರು. ಶಾಲಾಪೂರ್ವ ತರಗತಿಗಳಲ್ಲಿ, ಅಂದರೆ ನಮ್ಮ ಅಂಗನವಾಡಿಗೆ ಹೋಗುವ ವಯಸ್ಸಿನವರಲ್ಲಿ, ಕಪ್ಪು ಮಕ್ಕಳು ಶೇ. 18 ಇದ್ದರು. ಒಂದಕ್ಕಿಂತ ಹೆಚ್ಚು ಸಲ ಸಸ್ಪೆಂಡ್ ಆಗಿ ಮನೆಗೆ ಹೋದವರಲ್ಲಿ ಅವರ ಪಾಲು ಶೇ. 48. ನಾಲ್ಕು ವರ್ಷದ ಮಗುವಿನ ಹಟವನ್ನು ಅಪರಾಧದ ಮೊಳಕೆಯೆಂದು ಕಂಡರೆ, ಆ ಮಗು ಶಾಲೆಯನ್ನು ತನ್ನದೆಂದು ಹೇಗೆ ನಂಬೀತು?

2016ರಲ್ಲಿ ಟೆನೆಸ್ಸಿ ರಾಜ್ಯದ ರದರ್‌ಫರ್ಡ್ ಕೌಂಟಿಯಲ್ಲಿ ನಡೆದದ್ದನ್ನು ಕೇಳಿ. ಪುಟ್ಟ ಹುಡುಗರು ಹೊಡೆದಾಡುವ ವಿಡಿಯೊ ಹೊರಬಂತು. ಸುತ್ತ ನಿಂತು ನೋಡಿದ, ಜಗಳ ಬಿಡಿಸದ ಮಕ್ಕಳನ್ನು ಬಂಧಿಸಲು ಪೊಲೀಸರು ಹೊರಟರು. ಒಟ್ಟು 11 ಮಕ್ಕಳ ಬಂಧನವಾಯಿತು, ಹನ್ನೊಂದೂ ಕಪ್ಪು ಮಕ್ಕಳು. ಪ್ರಾಥಮಿಕ ಶಾಲೆಗೆ ಹೋಗಿ ಹಿಡಿದವರಲ್ಲಿ ಮೂರನೆಯ ತರಗತಿಯ ಹುಡುಗಿಯೂ ಇದ್ದಳು. ಅವರ ಮೇಲೆ ಹೊರಿಸಿದ ಅಪರಾಧ ಆ ರಾಜ್ಯದ ಕಾನೂನಿನಲ್ಲಿ ಅಪರಾಧವೇ ಆಗಿರಲಿಲ್ಲ. ಪ್ರಕರಣ ಬೆಳಕಿಗೆ ಬಂದ ಮೇಲೆ, ಆ ಕೌಂಟಿಯಲ್ಲಿ ವರ್ಷಗಳಿಂದ ಸಣ್ಣಪುಟ್ಟ ಕಾರಣಗಳಿಗೆ ಮಕ್ಕಳನ್ನು ಕೂಡಿಹಾಕುವ ಪದ್ಧತಿಯೇ ನಡೆದುಬಂದಿತ್ತೆಂದು ತಿಳಿಯಿತು. 2020ರ ಕೋವಿಡ್ ಕಾಲದಲ್ಲಿ ಮಿಷಿಗನ್ ರಾಜ್ಯದ 15 ವರ್ಷದ ಕಪ್ಪು ಹುಡುಗಿಯೊಬ್ಬಳನ್ನು ಆನ್‌ಲೈನ್ ಪಾಠದ ಮನೆಗೆಲಸ ಮಾಡಲಿಲ್ಲ, ಅದು ಪ್ರೊಬೇಷನ್ ಷರತ್ತಿನ ಉಲ್ಲಂಘನೆ ಎಂಬ ಕಾರಣಕ್ಕೆ ಬಂಧನಗೃಹಕ್ಕೆ ಕಳಿಸಿದರು. ಆ ವರ್ಷ ಹೋಂವರ್ಕ್ ಮಾಡದ ಮಕ್ಕಳು ಲೋಕದಲ್ಲಿ ಎಷ್ಟು ಕೋಟಿ ಇದ್ದರೋ! ಸುದ್ದಿ ದೇಶದ ತುಂಬ ಹರಡಿ, ಮೇಲಿನ ನ್ಯಾಯಾಲಯ ಆದೇಶಿಸಿದ ಮೇಲೆ ಎರಡೂವರೆ ತಿಂಗಳಿಗೆ ಅವಳು ತಾಯಿಯ ಮನೆಗೆ ಬಂದಳು.

ಬಣ್ಣದ ಜೊತೆಗೆ ಬಡತನ ಕೂಡಿದರೆ ಏನಾಗುತ್ತದೆಂಬುದಕ್ಕೆ ಕಲೀಫ್ ಬ್ರೌಡರ್‌ನ ಬದುಕೇ ಸಾಕ್ಷಿ. 2010ರಲ್ಲಿ, 16ನೆಯ ವಯಸ್ಸಿನಲ್ಲಿ, ಬ್ಯಾಗು ಕದ್ದನೆಂಬ ಆರೋಪದ ಮೇಲೆ ನ್ಯೂಯಾರ್ಕಿನಲ್ಲಿ ಅವನ ಬಂಧನವಾಯಿತು. ಜಾಮೀನು 3,000 ಡಾಲರ್, ಮನೆಯವರ ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಆಗ ಆ ರಾಜ್ಯದಲ್ಲಿ 16 ತುಂಬಿದವರನ್ನು ವಯಸ್ಕರೆಂದೇ ಪರಿಗಣಿಸುತ್ತಿದ್ದರು. ಹುಡುಗ ರೈಕರ್ಸ್ ದ್ವೀಪದ ಜೈಲು ಸೇರಿದ. ತಪ್ಪೊಪ್ಪಿಕೊಂಡರೆ ಬಿಡುತ್ತೇವೆ ಎಂದಾಗಲೂ ಮಾಡದ ತಪ್ಪನ್ನು ಒಪ್ಪುವುದಿಲ್ಲ ಎಂದ. ವಿಚಾರಣೆಯೇ ನಡೆಯದೆ ಮೂರು ವರ್ಷ ಕಳೆದವು, ಅದರಲ್ಲಿ ಸುಮಾರು ಎರಡು ವರ್ಷ ಏಕಾಂತ ಸೆರೆ. 2013ರಲ್ಲಿ ಆರೋಪಗಳನ್ನು ಕೈಬಿಟ್ಟು ಕಳಿಸಿದರು. ಹೊರಬಂದವನು ಓದು ಮುಂದುವರಿಸಲು ಹೆಣಗಿದ. ಒಳಗಿನ ಆ ಕತ್ತಲು ಅವನನ್ನು ಬಿಡಲಿಲ್ಲ. 2015ರಲ್ಲಿ, 22ನೆಯ ವಯಸ್ಸಿನಲ್ಲಿ, ಅವನು ತನ್ನ ಜೀವ ತೆಗೆದುಕೊಂಡ. ಎರಡು ವರ್ಷದ ನಂತರ ನ್ಯೂಯಾರ್ಕ್ ರಾಜ್ಯ ವಯಸ್ಕರೆಂದು ಕಾಣುವ ವಯಸ್ಸನ್ನು 18ಕ್ಕೆ ಏರಿಸುವ ಕಾನೂನು ಮಾಡಿತು.

ಇಷ್ಟೆಲ್ಲ ಕೇಳಿ ನಿಮ್ಮ ಮನಸ್ಸು ಭಾರವಾಗಿರಬಹುದು. ಆದರೆ ಇದು ಹಣೆಬರಹವಲ್ಲ, ಬದಲಿಸಬಹುದು ಎಂದು ತೋರಿಸಿದ ಊರುಗಳೂ ಅದೇ ದೇಶದಲ್ಲಿವೆ. ಆರೆಗನ್ ರಾಜ್ಯದ ಮಲ್ಟ್ನೋಮಾ ಕೌಂಟಿಯವರು 1990ರ ದಶಕದಲ್ಲಿ ಮೂರನೆಯ ಬಾಗಿಲನ್ನು, ಅಂದರೆ ವಿಚಾರಣೆಗೆ ಮೊದಲಿನ ಬಂಧನದ ತೀರ್ಮಾನವನ್ನು, ಪರಿಶೀಲಿಸಲು ಕೂತರು. ಅಧಿಕಾರಿಯ ಮನಸ್ಸಿಗೆ ತೋಚಿದಂತೆ ಎಂಬುದನ್ನು ಬಿಟ್ಟು, ಅಂಕ ಹಾಕುವ ಲಿಖಿತ ಪಟ್ಟಿ ತಂದರು. ಆ ಪಟ್ಟಿಯ ಒಂದೊಂದು ಪ್ರಶ್ನೆಯನ್ನೂ ಮತ್ತೆ ಪರೀಕ್ಷಿಸಿದರು. ಒಳ್ಳೆಯ ಕುಟುಂಬವಿದೆಯೇ ಎಂಬ ಪ್ರಶ್ನೆಯಿತ್ತು. ತಂದೆ ತಾಯಿ ಇಬ್ಬರೂ ಇರುವ ಮನೆಯೇ ಒಳ್ಳೆಯ ಕುಟುಂಬವೆಂದಾದರೆ ಅಜ್ಜಿ ಸಾಕಿದ ಮಗು ಅಲ್ಲೇ ಸೋಲುತ್ತದೆ. ಅದನ್ನು ತೆಗೆದು, ಈ ಮಗುವಿನ ಜವಾಬ್ದಾರಿ ಹೊರಲು ಒಪ್ಪುವ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಹುಡುಗ ಯಾವ ಪುಂಡರ ಗುಂಪಿನವನೆಂಬ ಪೊಲೀಸರ ಹಣೆಪಟ್ಟಿಯನ್ನು ಕೈಬಿಟ್ಟರು. ಪ್ರತಿ ಹಂತದಲ್ಲೂ ಯಾವ ಸಮುದಾಯದ ಎಷ್ಟು ಮಕ್ಕಳು ಎಂದು ಎಣಿಸಿ, ಆ ಎಣಿಕೆಯನ್ನು ಪೊಲೀಸರು, ವಕೀಲರು, ನ್ಯಾಯಾಧೀಶರು ಒಟ್ಟಿಗೆ ಕೂತು ನೋಡುವಂತೆ ಮಾಡಿದರು. 2000ದ ಹೊತ್ತಿಗೆ ಬಂಧನದ ತೀರ್ಮಾನದಲ್ಲಿ ಬಿಳಿಯ ಮಕ್ಕಳಿಗೂ ಉಳಿದವರಿಗೂ ಇದ್ದ ಅಂತರ ಬಹುಮಟ್ಟಿಗೆ ಅಳಿದಿತ್ತು. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಕೌಂಟಿಯವರು, ತಂದೆ ತಾಯಿಯ ಜೊತೆ ಸ್ಪ್ಯಾನಿಷ್‌ನಲ್ಲಿ ಮಾತಾಡಬಲ್ಲ ಸಿಬ್ಬಂದಿಯನ್ನು ನೇಮಿಸಿಕೊಂಡು ಲ್ಯಾಟಿನೊ ಮಕ್ಕಳ ಬಂಧನವನ್ನು ತಗ್ಗಿಸಿದರು. ಇದಕ್ಕೆ ಪವಾಡವೇನೂ ಬೇಕಾಗಲಿಲ್ಲ. ಬೇಕಾದದ್ದು ಲಿಖಿತ ನಿಯಮ, ಪ್ರಾಮಾಣಿಕ ಎಣಿಕೆ, ಮತ್ತು ಆ ಎಣಿಕೆಯನ್ನು ನೋಡಿ ನಾಚುವ ಮನಸ್ಸು.

ದೂರದ ದೇಶದ ಈ ವಿಷಯ ನಮಗೇಕೆ ಎಂದು ಕೇಳಿದರೆ ಎರಡು ಕಾರಣ ಹೇಳುತ್ತೇನೆ. ನಮ್ಮ ನಾಡಿನಿಂದ ಹೋಗಿ ಅಲ್ಲಿಯ ನಾಗರಿಕರಾದ ಸಾವಿರಾರು ಕುಟುಂಬಗಳಿವೆ. ಅಲ್ಲಿಯ ಅನೇಕ ಕೌಂಟಿಗಳಲ್ಲಿ ಸರ್ಕಾರಿ ವಕೀಲರನ್ನೂ ನ್ಯಾಯಾಧೀಶರನ್ನೂ ಜನ ಮತ ಹಾಕಿ ಆರಿಸುತ್ತಾರೆ. ತಮ್ಮ ಮಕ್ಕಳ ಜೊತೆ ಅದೇ ಬೆಂಚಿನಲ್ಲಿ ಕೂರುವ ಕಪ್ಪು ಮಗುವಿಗೆ ಯಾವ ನ್ಯಾಯ ಸಿಗುತ್ತದೆಂಬುದರಲ್ಲಿ ಅವರ ಮತಕ್ಕೂ ಪಾಲಿದೆ. ಇನ್ನೊಂದು ಕಾರಣ ನಮ್ಮ ಕಾನೂನು. ನಮ್ಮ 2015ರ ಬಾಲ ನ್ಯಾಯ ಕಾಯ್ದೆಯ 15ನೆಯ ಕಲಂ ಪ್ರಕಾರ, 16ರಿಂದ 18ರ ನಡುವಿನ ಹುಡುಗ ಘೋರ ಅಪರಾಧದ ಆರೋಪ ಹೊತ್ತರೆ, ಅವನಿಗೆ ಅದರ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಎಂದು ಮಂಡಳಿ ಅಂದಾಜು ಮಾಡಬೇಕು. ಹೌದೆಂದು ಕಂಡರೆ ವಯಸ್ಕನಂತೆ ವಿಚಾರಣೆಗೆ ಕಳಿಸಬಹುದು. ಅಂದರೆ ನಾವೂ ಒಂದು ವಿವೇಚನೆಯ ಬಾಗಿಲನ್ನು ತೆರೆದಿದ್ದೇವೆ. 1871ರ ಬ್ರಿಟಿಷ್ ಕಾನೂನು ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಮುದ್ರೆ ಒತ್ತಿದ್ದು, ಹುಬ್ಬಳ್ಳಿಯ ಸೆಟ್ಲ್‌ಮೆಂಟಿನಲ್ಲಿ ಅಂಥ ಕುಟುಂಬಗಳನ್ನು ಬೇಲಿಯೊಳಗೆ ಇರಿಸಿದ್ದು ನಮ್ಮ ನೆಲದ ಇತಿಹಾಸವೇ. ಮಗುವಿನ ಕುಲ ನೋಡಿ ಅದರ ಮನಸ್ಸನ್ನು ಅಳೆಯುವ ಅಭ್ಯಾಸ ನಮಗೂ ಹೊಸದಲ್ಲ. ಆ ಬಾಗಿಲಲ್ಲಿ ಯಾವ ಕೇರಿಯ, ಯಾವ ಸಮುದಾಯದ ಮಕ್ಕಳು ಹೆಚ್ಚಾಗಿ ಆಚೆಗೆ ಹೋಗುತ್ತಿದ್ದಾರೆಂದು ಎಣಿಸುತ್ತಿದ್ದೇವೆಯೇ ಎಂದು ನಾವು ಈಗಲೇ ಕೇಳಬೇಕು.

ಶಿಕಾಗೊದ ಆ ಮಹಿಳೆಯರು ನ್ಯಾಯಾಧೀಶರು ತಾಯಿತಂದೆಯರಂತೆ ಮರುಗಬೇಕೆಂದು ಆಸೆಪಟ್ಟರು. ಅವರ ಆಸೆ ದೊಡ್ಡದು. ಆದರೆ ನೂರಿಪ್ಪತ್ತೈದು ವರ್ಷಗಳ ಅನುಭವ ಇನ್ನೊಂದು ಪಾಠ ಕಲಿಸಿದೆ. ಮರುಕ ತನ್ನಂತೆಯೇ ಕಾಣುವವರ ಕಡೆಗೆ ಬೇಗ ಹರಿಯುತ್ತದೆ. ಆದ್ದರಿಂದ ಬಾಲ್ಯವನ್ನು ಯಾರದೋ ಮರುಕಕ್ಕೆ ಬಿಡಬಾರದು. ಅದು ಹುಟ್ಟಿದ ತಾರೀಖಿನಿಂದ ಬರುವ ಹಕ್ಕು. ಹದಿನಾಲ್ಕು ಎಂದರೆ ಯಾವ ಬಣ್ಣಕ್ಕೂ ಹದಿನಾಲ್ಕೇ. ತಪ್ಪು ಮಾಡಿದ ಮಗು ಅದಕ್ಕೆ ಉತ್ತರ ಕೊಡಬೇಕು, ನೊಂದವರಿಗೆ ನ್ಯಾಯ ಸಿಗಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ತಿದ್ದಿಕೊಳ್ಳಲು ಒಂದು ಮಗುವಿಗೆ ಎಷ್ಟು ಅವಕಾಶ ಕೊಡುತ್ತೇವೆಯೋ ಅಷ್ಟನ್ನೇ ಇನ್ನೊಂದು ಮಗುವಿಗೂ ಕೊಡಬೇಕು. ಕೊಡುತ್ತಿದ್ದೇವೆಯೇ ಎಂದು ವರ್ಷ ವರ್ಷವೂ ಎಣಿಸಿ, ಆ ಲೆಕ್ಕವನ್ನು ಎಲ್ಲರ ಮುಂದಿಡಬೇಕು. ಅಷ್ಟಾಗುವವರೆಗೆ ಅಮೆರಿಕದಲ್ಲಾಗಲಿ ಇಲ್ಲಾಗಲಿ ಬಾಲ ನ್ಯಾಯ ಎಂಬ ಹೆಸರನ್ನು ನಾವು ಪೂರ್ತಿಯಾಗಿ ಗಳಿಸಿಕೊಂಡಂತಾಗುವುದಿಲ್ಲ.